ಲೇಖನದ ನೆತ್ತಿ ಮೇಲೆ ಎಐ ಚಿತ್ರ: ಓದುಗರು ಯಾಕೆ ಸಿಟ್ಟಾಗ್ತಾರೆ?

ರೈತರ ಸಾಲದ ಬಗ್ಗೆ ಒಂದು ಲೇಖನ ಅಂದ್ಕೊಳ್ಳಿ. ಅಂಕಿ-ಅಂಶ ಸರಿಯಿದೆ, ವಾದ ಗಟ್ಟಿಯಿದೆ. ಆದರೆ ಮೇಲಿರೋ ಚಿತ್ರದಲ್ಲಿ ಬಿರುಕುಬಿಟ್ಟ ನೆಲ, ಬಿಳಿ ಗಡ್ಡದ ಮುದುಕ, ತಲೆಗೆ ದೊಡ್ಡ ಪೇಟ, ಹಿಂದೆ ಸಿನಿಮಾ ಸೆಟ್ಟಿನಂಥ ಸೂರ್ಯಾಸ್ತ. ಆತ ಹಿಡಿದ ಬೋರ್ಡಿನಲ್ಲಿ ಕನ್ನಡದ ಹಾಗೆ ಕಾಣುವ, ಕನ್ನಡವಲ್ಲದ ಏನೋ ಸುರುಳಿಗಳು. ಓದಿದವರು ಸಾಲದ ಬಗ್ಗೆ ಮಾತಾಡಲ್ಲ. "ಚಿತ್ರ ಎಐದಲ್ವಾ?" ಅಂತಾರೆ. ಲೇಖನದ ಕಥೆ ಅಲ್ಲಿಗೆ ಮುಗೀತು.

"ಹೊಸ ತಂತ್ರಜ್ಞಾನ ಬಂದಾಗೆಲ್ಲ ಜನ ಹೀಗೇ ಬೊಬ್ಬೆ ಹೊಡೀತಾರೆ" ಅಂತ ಇದನ್ನು ತಳ್ಳಿಹಾಕೋದು ಸುಲಭ. ಆದರೆ 2022ರಿಂದ ಈಚೆಗಿನ ಪ್ರಕರಣಗಳನ್ನು ನೋಡಿದರೆ ಓದುಗರು ಎಲ್ಲ ಎಐ ಚಿತ್ರಕ್ಕೂ ಒಂದೇ ಥರ ಸಿಟ್ಟಾಗಿಲ್ಲ. ಚಿತ್ರ ಚೆನ್ನಾಗಿದೆಯಾ, ಕೆಟ್ಟದಾಗಿದೆಯಾ ಅನ್ನೋದಕ್ಕಿಂತ ಅದು ಯಾರ ಜಾಗದಲ್ಲಿ, ಯಾವುದರ ಜಾಗದಲ್ಲಿ ಕೂತಿದೆ ಅನ್ನೋದೇ ಹೆಚ್ಚು ಸಲ ಜಗಳಕ್ಕೆ ಕಾರಣವಾಗಿದೆ.

ಮೊದಲ ದೊಡ್ಡ ಗಲಾಟೆ

2022ರ ಆಗಸ್ಟ್‌ನಲ್ಲಿ ಅಮೆರಿಕದ 'ದಿ ಅಟ್ಲಾಂಟಿಕ್' ಪತ್ರಿಕೆಯ ಚಾರ್ಲಿ ವಾರ್ಝೆಲ್ ತಮ್ಮ ನ್ಯೂಸ್‌ಲೆಟರ್‌ನಲ್ಲಿ ಪಿತೂರಿ ಸಿದ್ಧಾಂತಗಳ ವ್ಯಾಪಾರಿ ಅಲೆಕ್ಸ್ ಜೋನ್ಸ್ ಬಗ್ಗೆ ಬರೆದರು. ಚಿತ್ರಕ್ಕೆ ಮಿಡ್‌ಜರ್ನಿ ಬಳಸಿದರು. ಅವರ ಕಡೆಯ ವಾದ ಏನಂದರೆ, ಆ ಜಾಗಕ್ಕೆ ಹೇಗೂ ಕಲಾವಿದರನ್ನು ನೇಮಿಸುತ್ತಿರಲಿಲ್ಲ, ಗೆಟ್ಟಿ ಇಮೇಜಸ್‌ನಿಂದ ಒಂದು ಫೋಟೋ ಎತ್ತಿ ಹಾಕ್ತಿದ್ದರು ಅಷ್ಟೆ. ಚಿತ್ರಕಾರರಿಗೆ ಇದು ಸಮಾಧಾನ ತರಲಿಲ್ಲ. ಅಷ್ಟು ದೊಡ್ಡ ಪತ್ರಿಕೆಯೇ ಹೀಗೆ ಮಾಡಿದರೆ ಉಳಿದವರಿಗೆ ದಾರಿ ತೋರಿಸಿದ ಹಾಗಲ್ವಾ ಅಂದರು. ವಾರ್ಝೆಲ್ ಇನ್ನೊಂದು ಬರಹದಲ್ಲಿ ಟೀಕೆಯನ್ನು ಒಪ್ಪಿಕೊಂಡರು.

2023ರ ಮೇನಲ್ಲಿ ಚಿತ್ರಕಾರ್ತಿ ಮಾಲಿ ಕ್ರ್ಯಾಬ್‌ಆ್ಯಪಲ್ ಮುಂದಾಳತ್ವದಲ್ಲಿ ಒಂದು ಬಹಿರಂಗ ಪತ್ರ ಹೊರಬಂತು: ಪ್ರಕಾಶಕರು ಎಐ ಚಿತ್ರಗಳಿಗೆ ಕಡಿವಾಣ ಹಾಕಲಿ ಅಂತ. ಅದಕ್ಕೂ ಎರಡು ತಿಂಗಳು ಮುಂಚೆ 'ವೈರ್ಡ್' ಪತ್ರಿಕೆ ಸ್ಟಾಕ್ ಫೋಟೋ ಬದಲಿಗೆ ಎಐ ಚಿತ್ರ ಬಳಸಲ್ಲ ಅಂತ ನಿಯಮ ಮಾಡಿಕೊಂಡಿತ್ತು. ಕಾರಣ ಸರಳ: ಎಷ್ಟೋ ಫೋಟೋಗ್ರಾಫರ್‌ಗಳ ಸಂಸಾರ ಸಾಗೋದೇ ಸ್ಟಾಕ್ ಫೋಟೋ ಮಾರಿ. ಟೆಕ್ ಪತ್ರಿಕೆಯೊಂದು ಈ ಸಾಲಿನಲ್ಲಿ ಮೊದಲು ನಿಂತಿದ್ದು ನನಗೆ ಆಶ್ಚರ್ಯ ತರಲಿಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ದವರಿಗೆ ಅದರ ಮೇಲೆ ಭಕ್ತಿ ಕಡಿಮೆ.

ಕೊಲಂಬಿಯಾದ ಧ್ವಜ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಕರಣ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ದು. 2021ರ ಏಪ್ರಿಲ್‌ನಲ್ಲಿ ಕೊಲಂಬಿಯಾದಲ್ಲಿ ತೆರಿಗೆ ಸುಧಾರಣೆ ವಿರುದ್ಧ ದೊಡ್ಡ ಹೋರಾಟ ಶುರುವಾಯ್ತು. ಪೊಲೀಸರು ಕ್ರೂರವಾಗಿ ನಡೆದುಕೊಂಡರು. ಎರಡು ವರ್ಷದ ನಂತರ ಆ ದೌರ್ಜನ್ಯವನ್ನು ನೆನಪಿಸೋಕೆ ಆಮ್ನೆಸ್ಟಿಯ ಒಂದು ಪ್ರಾದೇಶಿಕ ಟ್ವಿಟರ್ ಖಾತೆ ಎಐ ಚಿತ್ರಗಳನ್ನು ಹಾಕಿತು. ಒಂದರಲ್ಲಿ ರಾಷ್ಟ್ರಧ್ವಜ ಹೊದ್ದ ಯುವತಿಯನ್ನು ಪೊಲೀಸರು ಎಳೆದೊಯ್ಯುತ್ತಿದ್ದಾರೆ. ಆದರೆ ಧ್ವಜದ ಬಣ್ಣಗಳ ಕ್ರಮವೇ ತಪ್ಪು, ಪೊಲೀಸರ ಸಮವಸ್ತ್ರ ಹಳೇ ಕಾಲದ್ದು, ಮುಖಗಳು ಮೇಣದ ಹಾಗೆ ನುಣುಪು.

ಗಮನಿಸಿ, ಚಿತ್ರದ ಮೇಲೆ ಎಐ ಅಂತ ಸಣ್ಣದಾಗಿ ಬರೆದಿತ್ತು. ಉದ್ದೇಶವೂ ಕೆಟ್ಟದ್ದಲ್ಲ: ನಿಜವಾದ ಹೋರಾಟಗಾರರ ಮುಖ ತೋರಿಸಿದರೆ ಅವರ ಮೇಲೆ ಸೇಡು ತೀರಿಸಿಕೊಳ್ಳಬಹುದು ಅನ್ನೋ ಭಯ. ಆದರೂ ಫೋಟೋ ಪತ್ರಕರ್ತರು ಕೆಂಡವಾದರು. ಜೀವ ಒತ್ತೆಯಿಟ್ಟು ಬೀದಿಯಲ್ಲಿ ನಿಂತು ತೆಗೆದ ಸಾವಿರಾರು ಫೋಟೋಗಳು ಇರುವಾಗ ಇದ್ಯಾಕೆ? ಅದಕ್ಕಿಂತ ಗಂಭೀರವಾದ ಮಾತು ಇನ್ನೊಂದು. ಪೊಲೀಸ್ ಹಿಂಸೆ ನಡೆದೇ ಇಲ್ಲ ಅಂತ ವಾದಿಸುವ ಸರ್ಕಾರಕ್ಕೆ ಇದಕ್ಕಿಂತ ಒಳ್ಳೆ ಉಡುಗೊರೆ ಬೇಕಾ? "ನೋಡಿ, ಅವರ ಸಾಕ್ಷಿಯೆಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು" ಅಂದರಾಯ್ತು. ಆಮ್ನೆಸ್ಟಿ ಚಿತ್ರಗಳನ್ನು ತೆಗೆದುಹಾಕಿತು.

ಇದೇ ಉದ್ದೇಶಕ್ಕೆ ತಂತ್ರಜ್ಞಾನ ಬಳಸಿಯೂ ಮೆಚ್ಚುಗೆ ಪಡೆದ ಕೆಲಸ ಒಂದಿದೆ. 2020ರ 'ವೆಲ್‌ಕಮ್ ಟು ಚೆಚೆನ್ಯಾ' ಸಾಕ್ಷ್ಯಚಿತ್ರ. ಚೆಚೆನ್ಯಾದಲ್ಲಿ ಕಿರುಕುಳಕ್ಕೆ ಒಳಗಾಗಿ ಓಡಿಬಂದ ಸಲಿಂಗಿಗಳ ಮುಖ ಮರೆಸೋಕೆ ನಿರ್ದೇಶಕ ಡೇವಿಡ್ ಫ್ರಾನ್ಸ್ ಡಿಜಿಟಲ್ ಮುಖಗಳನ್ನು ಕೂರಿಸಿದರು. ಆ ಮುಖಗಳು ಸ್ವಯಂಸೇವಕರು ಒಪ್ಪಿ ಕೊಟ್ಟವು. ಅಂಚು ಸ್ವಲ್ಪ ಮಸುಕಾಗಿರೋದರಿಂದ ನೋಡುವವರಿಗೆ ಇದು ಮುಖವಾಡ ಅಂತ ಗೊತ್ತಾಗುತ್ತೆ. ಅಳು ನಿಜ, ಘಟನೆ ನಿಜ, ಮುಖ ಮಾತ್ರ ಸಾಲ ತಂದದ್ದು. ಆಮ್ನೆಸ್ಟಿ ಚಿತ್ರದಲ್ಲಿ ಆ ಯುವತಿಯೇ ಇಲ್ಲ, ಆ ಬೀದಿಯೂ ಇಲ್ಲ.

ಇನ್ನೊಂದು ಜಟಿಲ ಉದಾಹರಣೆ 2024ರ ಮೇನಲ್ಲಿ ಇನ್‌ಸ್ಟಾದಲ್ಲಿ 4 ಕೋಟಿಗೂ ಹೆಚ್ಚು ಸಲ ಶೇರ್ ಆದ "ಆಲ್ ಐಸ್ ಆನ್ ರಫಾ" ಚಿತ್ರ. ನಿಮ್ಮಲ್ಲೂ ಹಲವರು ಸ್ಟೋರಿ ಹಾಕಿರ್ತೀರಿ. ಅದನ್ನು ಯಾರೂ ಫೋಟೋ ಅಂತ ನಂಬಿರಲಿಲ್ಲ. ಅದು ಗೋಡೆಬರಹದ ಹಾಗಿತ್ತು, ಘೋಷಣೆ. ಆದರೂ ಸಾಲಾಗಿ ಜೋಡಿಸಿದ ಅಚ್ಚುಕಟ್ಟಾದ ಟೆಂಟ್‌ಗಳನ್ನು ನೋಡಿ, ಗಾಜಾದ ಪತ್ರಕರ್ತರು ಸಾಯುತ್ತಾ ತೆಗೆದ ಫೋಟೋಗಳನ್ನು ಬಿಟ್ಟು ಇದನ್ಯಾಕೆ ಹಂಚುತ್ತೀರಿ ಅಂತ ಕೇಳಿದವರಿದ್ದರು. ರಕ್ತ ಇಲ್ಲದ ಕಾರಣಕ್ಕೇ ಅದು ಪ್ಲಾಟ್‌ಫಾರ್ಮ್‌ನ ಕತ್ತರಿಯಿಂದ ತಪ್ಪಿಸಿಕೊಂಡಿತು ಅಂದವರೂ ಇದ್ದರು. ಇಬ್ಬರ ಮಾತಲ್ಲೂ ಸತ್ಯ ಇದೆ.

ನಮ್ಮಲ್ಲಿ ಇದು ಬೇರೆ ದೇಶದ ಚರ್ಚೆ ಅಂತ ಬಿಡೋ ಹಾಗಿಲ್ಲ. 2023ರ ಮೇ 28ರಂದು ಹೊಸ ಸಂಸತ್ ಭವನ ಉದ್ಘಾಟನೆ ದಿನ ದಿಲ್ಲಿಯಲ್ಲಿ ಕುಸ್ತಿಪಟುಗಳನ್ನು ಪೊಲೀಸರು ಎಳೆದು ವಾಹನಕ್ಕೆ ತುಂಬಿದರು. ಒಳಗೆ ವಿನೇಶ್ ಮತ್ತು ಸಂಗೀತಾ ಫೋಗಟ್ ಇದ್ದ ಸೆಲ್ಫಿಯನ್ನು ಯಾರೋ ತಿರುಚಿ ಅವರ ಮುಖಕ್ಕೆ ನಗು ಅಂಟಿಸಿ ಹರಿಬಿಟ್ಟರು. ಮೂಲ ಫೋಟೋದಲ್ಲಿ ನಗು ಇರಲಿಲ್ಲ. ಇಂಥದ್ದನ್ನು ಒಮ್ಮೆ ಕಂಡ ಓದುಗ, ಹೋರಾಟದ ಪರ ಇರುವ ಲೇಖನದ ಮೇಲೂ ಕೃತಕ ಚಿತ್ರ ಕಂಡರೆ ಅನುಮಾನ ಪಡೋದು ಸಹಜ.

ಪೇಟ ಯಾಕೆ ಬರುತ್ತೆ?

ಈಗ ಸ್ವಲ್ಪ ಎಂಜಿನಿಯರಿಂಗ್. ಈ ಮಾಡೆಲ್‌ಗಳು ಇಂಟರ್‌ನೆಟ್‌ನಿಂದ ಬಾಚಿದ ಚಿತ್ರ ಮತ್ತು ಅದರ ಜೊತೆಗಿದ್ದ ಬರಹದ ಜೋಡಿಗಳಿಂದ ಕಲಿಯುತ್ತವೆ. 2022ರಲ್ಲಿ ಬಿಡುಗಡೆಯಾದ ಲಾಯಾನ್-5ಬಿ ಅನ್ನೋ ಸಂಗ್ರಹದಲ್ಲಿ ಸುಮಾರು 585 ಕೋಟಿ ಜೋಡಿಗಳಿದ್ದವು. ಅದರಲ್ಲಿ ಇಂಗ್ಲಿಷ್ ಬರಹದವೇ 230 ಕೋಟಿಯಷ್ಟು. "ಭಾರತೀಯ" ಅಂದಾಗ ಯಂತ್ರ ಅಂತಹ ರಾಶಿಯಲ್ಲಿ ಹೆಚ್ಚು ಕಂಡದ್ದನ್ನು ಎತ್ತಿ ಕೊಡುತ್ತೆ. 2023ರಲ್ಲಿ 'ರೆಸ್ಟ್ ಆಫ್ ವರ್ಲ್ಡ್' ಪತ್ರಿಕೆ ಮಿಡ್‌ಜರ್ನಿಯಿಂದ "ಒಬ್ಬ ಭಾರತೀಯ ವ್ಯಕ್ತಿ" ಅಂತ ಕೇಳಿ 100 ಚಿತ್ರ ತೆಗೆಸಿತು. 99ರಲ್ಲಿ ಗಂಡಸೇ, ಬಹುತೇಕ ಎಲ್ಲರೂ ಮುದುಕರು, ಹೆಚ್ಚಿನವರ ತಲೆ ಮೇಲೆ ಪೇಟ. ಹೊಲದಲ್ಲಿ ನಾಟಿ, ಕಳೆ, ಕೊಯ್ಲು ಮಾಡುವ ಹೆಂಗಸರು ಆ ಚಿತ್ರಗಳಲ್ಲಿ ಇಲ್ಲವೇ ಇಲ್ಲ. ಕೃಷಿ ಬಗ್ಗೆ ಪ್ರಗತಿಪರ ಲೇಖನ ಬರೆದು ಮೇಲೆ ಇಂಥ ಚಿತ್ರ ಹಾಕಿದರೆ, ಲೇಖನ ಅಳಿಸೋಕೆ ಹೊರಟಿದ್ದನ್ನೇ ಚಿತ್ರ ಮತ್ತೆ ಬರೆಯುತ್ತೆ.

ಅಕ್ಷರದ ಕಥೆಯೂ ಅದೇ. ಯಂತ್ರ ಬರೆಯಲ್ಲ, ಅಕ್ಷರದ ಆಕಾರವನ್ನು ಬಣ್ಣದ ಚುಕ್ಕಿಗಳಾಗಿ ಊಹಿಸುತ್ತೆ. ಇಂಗ್ಲಿಷ್‌ನಲ್ಲಿ ಬಹಳ ಸುಧಾರಿಸಿದೆ. ಕನ್ನಡದಲ್ಲಿ ಒತ್ತಕ್ಷರ ಬಂದ ತಕ್ಷಣ ಇವತ್ತಿಗೂ ಹಲವು ಸಲ ಎಡವುತ್ತೆ. ವಿಜ್ಞಾನ ಪತ್ರಿಕೆಗಳೇ ಇದರಲ್ಲಿ ಬಿದ್ದಿವೆ: 2024ರ ಫೆಬ್ರವರಿಯಲ್ಲಿ ಫ್ರಾಂಟಿಯರ್ಸ್ ಪ್ರಕಾಶನದ ಜರ್ನಲ್ ಒಂದು ಇಲಿಯ ಅಸಂಬದ್ಧ ಎಐ ಚಿತ್ರ, ಅದರ ಮೇಲೆ ಅರ್ಥವಿಲ್ಲದ ಪದಗಳ ಸಮೇತ ಪ್ರಬಂಧ ಪ್ರಕಟಿಸಿ, ನಗೆಪಾಟಲಾಗಿ, ದಿನಗಳೊಳಗೆ ಹಿಂಪಡೆಯಿತು. ಚಿತ್ರವನ್ನೇ ಯಾರೂ ನೋಡಿಲ್ಲ ಅಂದ ಮೇಲೆ ಪ್ರಬಂಧ ಯಾರು ಓದಿದ್ರು ಅನ್ನೋದು ಅಲ್ಲಿನ ಪ್ರಶ್ನೆ. ಲೇಖನ ಓದುವವರೂ ಇದನ್ನೇ ಕೇಳ್ತಾರೆ. ಇಂಥ ಸರಕಿಗೆ ಇಂಗ್ಲಿಷ್‌ನಲ್ಲಿ "ಸ್ಲಾಪ್" ಅಂತಾರೆ, 2025ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನೇ ವರ್ಷದ ಪದ ಅಂತ ಆರಿಸಿತು. ನಮ್ಮ ಕಲಗಚ್ಚು ಅನ್ನೋ ಪದ ಹತ್ತಿರ ಬರುತ್ತೆ.

ದುಡ್ಡಿಲ್ಲದವರು ಏನು ಮಾಡಬೇಕು?

ಕನ್ನಡದ ಸಣ್ಣ ಸುದ್ದಿತಾಣಗಳ ಕಷ್ಟ ನಿಜ. ಚಂದ್ರನಾಥ ಆಚಾರ್ಯ, ಪಿ. ಮಹಮ್ಮದ್ ಅಂಥವರ ಗೆರೆ ಪತ್ರಿಕೆಗಳಲ್ಲಿ ಬಂದದ್ದು ಅಲ್ಲಿ ಚಿತ್ರಕಾರರಿಗೆ ಕೆಲಸ, ಸಂಬಳ ಇದ್ದದ್ದರಿಂದ. ಇಬ್ಬರು ಸೇರಿ ನಡೆಸುವ ಸೈಟ್‌ಗೆ ಆ ಬಜೆಟ್ ಇಲ್ಲ. ಆದರೆ ವಿಕಿಮೀಡಿಯಾ ಕಾಮನ್ಸ್‌ನಲ್ಲಿ 10 ಕೋಟಿಗೂ ಹೆಚ್ಚು ಕಡತಗಳು ಪುಕ್ಕಟೆ ಇವೆ, ತೆಗೆದವರ ಹೆಸರು ಮತ್ತು ಲೈಸೆನ್ಸ್ ಹಾಕಿದರೆ ಸಾಕು. ವರದಿಗೆ ಹೋದವರ ಮೊಬೈಲ್‌ನಲ್ಲಿ ತೆಗೆದ ಮಸುಕು ಫೋಟೋ ಕೂಡ ಆಗುತ್ತೆ. ಒಂದು ಚಾರ್ಟ್ ಆಗುತ್ತೆ. ಚಿತ್ರವೇ ಇಲ್ಲದ ಶೀರ್ಷಿಕೆಯೂ ಆಗುತ್ತೆ, ಆದರೆ ಸೋಷಿಯಲ್ ಮೀಡಿಯಾ ಪ್ರಿವ್ಯೂ ಖಾಲಿ ಕಾಣುತ್ತೆ ಅಂತ ಎಡಿಟರ್‌ಗಳು ಒಪ್ಪಲ್ಲ.

ಲೇಬಲ್ ಹಾಕಿದರೆ ಸಾಕಲ್ವಾ? ರಾಯ್ಟರ್ಸ್ ಇನ್‌ಸ್ಟಿಟ್ಯೂಟ್‌ನ 2024ರ ಡಿಜಿಟಲ್ ನ್ಯೂಸ್ ರಿಪೋರ್ಟ್ ಪ್ರಕಾರ ಓದುಗರು ಎಐನಿಂದ ಮಾಡಿದ ರೇಖಾಚಿತ್ರ, ಗ್ರಾಫಿಕ್ಸ್ ಸಹಿಸಿಕೊಳ್ತಾರೆ. ಫೋಟೋದ ಹಾಗೆ ಕಾಣುವುದನ್ನು ಮಾತ್ರ, ಲೇಬಲ್ ಇದ್ದರೂ, ಒಪ್ಪಲ್ಲ. ಭಾರತದಲ್ಲಿ 2025ರ ಅಕ್ಟೋಬರ್‌ನ ಕರಡು ನಿಯಮ ಚಿತ್ರದ ಶೇ 10ರಷ್ಟು ಜಾಗ ಲೇಬಲ್‌ಗೆ ಬಿಡಬೇಕು ಅಂದಿತ್ತು. 2026ರ ಫೆಬ್ರವರಿಯಲ್ಲಿ ಬಂದ ಅಂತಿಮ ನಿಯಮದಲ್ಲಿ ಆ ಅಳತೆ ಹೋಯ್ತು, ಲೇಬಲ್ ಕಡ್ಡಾಯ ಅನ್ನೋದು ಉಳೀತು.

ಕನ್ನಡ ಪತ್ರಿಕೆಗಳಲ್ಲಿ "ಸಾಂದರ್ಭಿಕ ಚಿತ್ರ" ಅನ್ನೋ ಹಳೇ ಅಡಿಬರಹ ಇದೆಯಲ್ಲ, ಈಗ ಅದನ್ನೇ ಎಐ ಚಿತ್ರದ ಕೆಳಗೂ ಹಾಕೋ ಅಭ್ಯಾಸ ಶುರುವಾಗಿದೆ. ಇದು ನನಗೆ ಸರಿಕಾಣಲ್ಲ. ಆ ಎರಡು ಪದ ಇಷ್ಟು ದಿನ ಹೇಳ್ತಿದ್ದದ್ದು, ಈ ಫೋಟೋ ಬೇರೆ ದಿನದ್ದು, ಬೇರೆ ಊರಿನದ್ದು, ಆದರೆ ಯಾರೋ ಅಲ್ಲಿ ನಿಂತು ತೆಗೆದದ್ದು ಅಂತ. ಹಾಕಲೇಬೇಕು ಅಂತಿದ್ದರೆ "ಎಐ ಚಿತ್ರ" ಅಂತ ನೇರವಾಗಿ, ದೊಡ್ಡ ಅಕ್ಷರದಲ್ಲಿ ಬರೀರಿ. ಪ್ರತಿಭಟನೆ, ಲಾಠಿ ಚಾರ್ಜ್, ಸಾವಿನ ಸುದ್ದಿಗೆ ಅದನ್ನೂ ಹಾಕಬೇಡಿ.