ಗಣಿತಕ್ಕೆ ತಕ್ಕ ಗಣಕ

ಕಾರ್ಯಕ್ಕೆ ತಕ್ಕ ಕರಣವಿರಬೇಕೆಂಬುದು ನಮ್ಮ ಸೀಮೆಯವರಿಗೆ ಹೊಸ ಮಾತಲ್ಲ. ವಿಜಯನಗರದ ಅರಸರ ಕಾಲದಲ್ಲಿ ನೀರನ್ನು ಗದ್ದೆಗೆ ಹರಿಸುವುದಕ್ಕೆ ತುರುತ್ತು ಕಾಲುವೆಯೂ, ಕೂಡಿಡುವುದಕ್ಕೆ ಕಮಲಾಪುರದ ಕೆರೆಯೂ ಆದುವು. ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಇದೇ ನ್ಯಾಯವು ಕಾಣುತ್ತದೆ.

1986ರಲ್ಲಿ, ರೊದ್ದಂ ನರಸಿಂಹರವರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ನಿರ್ದೇಶಕರಾಗಿದ್ದಾಗ, ಅಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವು ನಿರ್ಮಿತವಾಯಿತು. ವಿಮಾನದ ಸುತ್ತಲಿನ ವಾಯುಪ್ರವಾಹವನ್ನು ಗಣಿಸುವುದೇ ಅದರ ಉದ್ದೇಶ. ಪ್ರವಾಹದ ಪ್ರದೇಶವನ್ನು ಖಂಡಗಳಾಗಿ ವಿಭಾಗಿಸಬಹುದು. ಒಂದೊಂದು ಸಂಸ್ಕಾರಕವು ತನ್ನ ಖಂಡವನ್ನು ಲೆಕ್ಕ ಮಾಡಿ, ಮೇರೆಯ ಬೆಲೆಗಳನ್ನು ಮಾತ್ರ ನೆರೆಯದಕ್ಕೆ ತಿಳಿಸಿದರೆ ಸಾಕು. ಹೀಗೆ ಸಾಧಾರಣ ಸಂಸ್ಕಾರಕಗಳ ಕೂಟವೇ ದೊಡ್ಡ ಕಾರ್ಯಕ್ಕೆ ಒದಗಿತು.

ಆದರೆ ಹಿಂದಿನ ಹೆಜ್ಜೆಯ ಫಲವಿಲ್ಲದೆ ಮುಂದಿನದು ನಡೆಯದ ಲೆಕ್ಕಕ್ಕೆ ನೂರು ಕೈಗಳಿದ್ದೂ ಪ್ರಯೋಜನವಿಲ್ಲ. ಅಲ್ಲಿ ಚುರುಕಾದ ಒಂದೇ ಕೈ ಬೇಕು. ಹವಾಮಾನದ ಗಣನೆಯಲ್ಲಾದರೋ ಎಲ್ಲ ಖಂಡಗಳೂ ಪರಸ್ಪರ ವಿನಿಮಯ ಮಾಡಬೇಕಾಗುವುದು. ಆದಕಾರಣ ಆ ವಿನಿಮಯವನ್ನು ತ್ವರೆಗೊಳಿಸುವ ಫ್ಲೋಸ್ವಿಚ್ ಎಂಬ ಅಂಗವನ್ನು ಅಲ್ಲಿಯ ವಿಜ್ಞಾನಿಗಳು ತರುವಾಯ ರಚಿಸಿದರು.

ತುಂಗಭದ್ರಾ ಜಲಾಶಯವನ್ನು ನಂಬಿದ ಹೊಸಪೇಟೆ, ಕಂಪ್ಲಿಗಳ ರೈತರಿಗೆ ಮುಂಗಾರಿನ ಮುನ್ಸೂಚನೆಯು ಅನ್ನದ ಪ್ರಶ್ನೆ. ಯಂತ್ರದ ಗಾತ್ರವನ್ನು ಕೊಂಡಾಡುವ ಮುನ್ನ, ಲೆಕ್ಕದ ಸ್ವರೂಪವನ್ನು ಅರಿಯುವುದು ವಿಹಿತವು.