ಶಿಶುಶಾಲೆಯ ಬಾಗಿಲು ತೆರೆದವರು

ಬೇಸಿಗೆ ಸಮೀಪಿಸುತ್ತಿದ್ದಂತೆ ಧರ್ಮಕೇಂದ್ರದ ಕಚೇರಿಗೆ ಎಳೆಯ ತಂದೆತಾಯಿಯರು ಬರಲಾರಂಭಿಸುತ್ತಾರೆ. ಮೂರು ವರ್ಷದ ಕೂಸಿಗೆ ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕು. ಸಾಧ್ಯವಾದರೆ ಸಿಸ್ಟರುಗಳಿಗೆ ಒಂದು ಶಿಫಾರಸು ಪತ್ರವೂ ಬೇಕು. “ಸ್ವಾಮಿ, ಮಗು ಕಾನ್ವೆಂಟಿನಲ್ಲೇ ಕಲಿಯಬೇಕು” ಎನ್ನುತ್ತಾರೆ. ಏಕೆಂದು ಕೇಳಿದರೆ ಇಂಗ್ಲಿಷು, ಶಿಸ್ತು ಎಂಬ ಉತ್ತರ ಮೊದಲು ಬರುತ್ತದೆ. ವಿಶ್ವಾಸದ ಮಾತು ಕೊನೆಗೆ. ಇಂಥ ಶಾಲೆಗಳು ಏತಕ್ಕಾಗಿ ಹುಟ್ಟಿದವು ಎಂಬುದನ್ನು ತಿಳಿದರೆ ನಮ್ಮ ಆಯ್ಕೆಯ ಅಳತೆಗೋಲು ಬದಲಾದೀತು.

ಫ್ರಾನ್ಸ್ ದೇಶದ ಆಲ್ಸೇಸ್ ಪ್ರಾಂತದ ಒಂದು ಬಡ ಕಣಿವೆಯಲ್ಲಿ 1770ರ ಆಸುಪಾಸಿನಲ್ಲಿ ಓಬರ್ಲಿನ್ ಎಂಬ ಲೂಥರನ್ ಪಾದ್ರಿ ಇದ್ದರು. ಹಿರಿಯರು ದುಡಿಮೆಗೆ ಹೋದಾಗ ದಿಕ್ಕಿಲ್ಲದೆ ಅಲೆಯುತ್ತಿದ್ದ ಮಕ್ಕಳನ್ನು ಅವರ ಪ್ರೋತ್ಸಾಹದಿಂದ ಸಾರಾ ಬಾಂಜೆ, ಲೂಯಿಸ್ ಶೆಪ್ಲರ್ ಮುಂತಾದ ಹಳ್ಳಿಯ ಯುವತಿಯರು ಕೂಡಿಸಿ ಹೆಣಿಗೆ, ಹಾಡು, ಬೈಬಲ್ ಕಥೆಗಳನ್ನು ಕಲಿಸಿದರು. ಶಿಶುಶಾಲೆಯ ಮೊದಲ ಬೇರುಗಳಲ್ಲಿ ಅದೊಂದು.

ನಮ್ಮ ಧರ್ಮಸಭೆಯೊಳಗೆ ಈ ಕಾರ್ಯವನ್ನು ಕೈಗೆತ್ತಿಕೊಂಡವರು ಇಟಲಿಯ ಗುರು ಫೆರಾಂತೆ ಅಪೋರ್ತಿ. ಇಂಗ್ಲೆಂಡಿನ ವಿಲ್ಡರ್‌ಸ್ಪಿನ್ ಅವರ ಗ್ರಂಥದಿಂದ ಪ್ರೇರಿತರಾಗಿ 1820ರ ದಶಕದ ಕೊನೆಯಲ್ಲಿ ಅವರು ಕ್ರೆಮೋನಾ ಪಟ್ಟಣದಲ್ಲಿ ಶಿಶುಶಾಲೆಯನ್ನು ತೆರೆದರು. ಮೊದಲನೆಯದು ಶುಲ್ಕ ತೆರಬಲ್ಲವರ ಮಕ್ಕಳಿಗೆ. ಅದರ ಬೆನ್ನಿಗೇ ಬಡವರ ಮಕ್ಕಳಿಗಾಗಿ ಉಚಿತ ಶಾಲೆ ಬಂತು. ಪ್ರಾರ್ಥನೆಯೊಡನೆ ಹಾಡು, ಅಂಗಸಾಧನೆ, ಅಕ್ಷರಾಭ್ಯಾಸ ಅಲ್ಲಿನ ದಿನಚರಿ.

ಇಂಥ ಸತ್ಕಾರ್ಯಕ್ಕೆ ಸಂದ ಮನ್ನಣೆ ಏನು? ಸಂದೇಹ. ತಾಯಿಯ ಮಡಿಲಿನಿಂದ ಕೂಸನ್ನು ಕಸಿದುಕೊಳ್ಳುವ ಪದ್ಧತಿಯಿದು, ಪ್ರಾಟೆಸ್ಟೆಂಟರ ನಾಡಿನಿಂದ ಬಂದದ್ದು ಎಂಬ ಆಕ್ಷೇಪವೆದ್ದಿತು. ಪೋಪರ ಆಡಳಿತದ ಪ್ರಾಂತಗಳಲ್ಲಿ ಇಂಥ ಶಾಲೆಗಳಿಗೆ ತಡೆ ಬಿತ್ತು. 1844ರಲ್ಲಿ ಅಪೋರ್ತಿ ಟ್ಯೂರಿನ್ನಿನಲ್ಲಿ ಶಿಕ್ಷಕರಿಗೆ ಉಪನ್ಯಾಸ ನೀಡಿದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರೇ ವಿರೋಧಿಸಿದರು. 1848ರಲ್ಲಿ ಅರಸರು ಅವರನ್ನು ಜಿನೋವಾದ ಮಹಾಧರ್ಮಾಧ್ಯಕ್ಷ ಪದವಿಗೆ ಸೂಚಿಸಿದರೂ ರೋಮ್ ಒಪ್ಪಲಿಲ್ಲ. 1858ರಲ್ಲಿ ಅವರು ತೀರಿಕೊಂಡರು. ಈ ತಪ್ಪು ನಮ್ಮವರದಷ್ಟೇ ಅಲ್ಲ. ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿತ್ತ, ಪಾದ್ರಿಯ ಮಗನಾದ ಫ್ರೋಬೆಲ್ ಅವರ ಶಾಲೆಗಳನ್ನು ನಾಸ್ತಿಕತೆಯ ಆರೋಪ ಹೊರಿಸಿ ಪ್ರಷ್ಯಾ ಸರಕಾರ 1851ರಲ್ಲಿ ನಿಷೇಧಿಸಿತು. 1860ರವರೆಗೆ ಆ ನಿಷೇಧ ಉಳಿಯಿತು.

ಮುಂದೆ 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಕಥೋಲಿಕ ಮಹಿಳೆ ಮರಿಯಾ ಮಾಂಟೆಸ್ಸೊರಿ ತಮ್ಮ ‘ಮಕ್ಕಳ ಮನೆ’ಯನ್ನು ತೆರೆದದ್ದೂ ರೋಮಿನ ಸಾನ್ ಲೊರೆಂಜೊ ಎಂಬ ಕಾರ್ಮಿಕರ ಕೇರಿಯಲ್ಲಿ. ಬಾಗಿಲು ಮೊದಲು ತೆರೆದದ್ದು ಎಲ್ಲಿ ಎಂಬುದನ್ನು ಗಮನಿಸಿರಿ.

ಅಪೋರ್ತಿಯವರ ವಿರೋಧಿಗಳ ಮಾತಿನಲ್ಲೂ ಒಂದು ಸತ್ಯವಿತ್ತು: ಮಗುವಿನ ಮೊದಲ ಗುರು ತಾಯಿತಂದೆಯರೇ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆ ಇದನ್ನೇ ಸಾರಿ, ಶಾಲೆಯನ್ನು ಆರಿಸುವ ಹೆತ್ತವರ ಸ್ವಾತಂತ್ರ್ಯವನ್ನೂ ಎತ್ತಿಹಿಡಿಯಿತು. ನಮ್ಮ ಸಂವಿಧಾನದ 28ನೆಯ ವಿಧಿಯಂತೆ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಒಳಪಡಿಸುವಂತಿಲ್ಲ. ನಮ್ಮ ಶಾಲೆಗಳಲ್ಲಿ ಕಲಿಯುವ ನೆರೆಯ ಹಿಂದೂ, ಮುಸ್ಲಿಂ ಕುಟುಂಬಗಳಿಗೂ ಈ ರಕ್ಷಣೆ ಸಲ್ಲುತ್ತದೆ, ಸಲ್ಲಲೇಬೇಕು. ಮನೆಯಲ್ಲಿ ಸಂಜೆಯ ಜಪಮಾಲೆಯಿಲ್ಲದಿದ್ದರೆ ಶಾಲೆಯ ಬೆಳಗಿನ ಪ್ರಾರ್ಥನೆ ಆ ಕೊರತೆಯನ್ನು ತುಂಬಲಾರದು.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಮನೆಗೆಲಸ ಮಾಡುವ ತಾಯಿಯೊಬ್ಬಳು ಪತ್ರ ಕೇಳಿ ಬಂದಳು. ಬರೆದುಕೊಟ್ಟೆ, ಆದರೆ ಶುಲ್ಕದ ಪಟ್ಟಿ ಕಂಡು ಆಕೆ ಶಾಲೆಯ ಗೇಟಿನಿಂದಲೇ ಹಿಂದಿರುಗಿದಳೆಂದು ಬಹಳ ದಿನಗಳ ತರುವಾಯ ತಿಳಿಯಿತು. ಉಳ್ಳವರ ಪರವಾಗಿ ಫೋನೆತ್ತುತ್ತಿದ್ದ ನಾನು ಆಕೆಯ ಪರವಾಗಿ ಎತ್ತಿರಲಿಲ್ಲ.

ಆದ್ದರಿಂದ ಪ್ರಿಯ ತಂದೆತಾಯಿಯರೇ, ಶಾಲೆಯನ್ನು ನೋಡಲು ಹೋದಾಗ ಗೋಡೆಯ ಮೇಲಿನ ಶಿಲುಬೆಯನ್ನು ಮಾತ್ರ ನೋಡದಿರಿ. ಅಳುವ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ನಮ್ಮ ನುಡಿಯಲ್ಲಿ ಮಾತನಾಡಿದ ಮಗುವನ್ನು ಗದರಿಸುತ್ತಾರೆಯೇ? ಕೂಲಿಯವನ ಮಗುವಿಗೆ ಅಲ್ಲಿ ಜಾಗವಿದೆಯೇ? ಇವನ್ನು ಕೇಳಿರಿ. ಆ ಮೇಲೆ ಪತ್ರಕ್ಕೆ ಬನ್ನಿರಿ, ಬರೆದುಕೊಡುವೆನು.