ಹೆರೋಡಿಕಸನಿಗೆ ಸಲ್ಲದ ಪಟ್ಟ: ಗ್ರೀಕ್ ಗರಡಿಯಲ್ಲಿ ಜಾರಿದ ಭುಜದ ಕತೆ

ಕ್ರೀಡಾ ವೈದ್ಯದ ಪಠ್ಯಪುಸ್ತಕಗಳು ತಮ್ಮ ವಂಶಾವಳಿಯನ್ನು ಆರಂಭಿಸುವುದು ಬಹುಮಟ್ಟಿಗೆ ಒಬ್ಬನೇ ಮನುಷ್ಯನಿಂದ. ಕ್ರಿ.ಪೂ. 5ನೆಯ ಶತಮಾನದ ಹೆರೋಡಿಕಸ್, ಊರು ಸೆಲಿಂಬ್ರಿಯಾ, ಅಂದರೆ ಇಂದಿನ ಟರ್ಕಿಯ ಸಿಲಿವ್ರಿ. ಮೊದಲು ಗರಡಿಯ ಉಸ್ತಾದನಾಗಿದ್ದ, ಆಮೇಲೆ ವೈದ್ಯನಾದ, ಹಾಗಾಗಿ ‘ಕ್ರೀಡಾ ವೈದ್ಯದ ಪಿತಾಮಹ’. ಫಿಸಿಯೋಥೆರಪಿಯ ಇತಿಹಾಸ ಬರೆಯುವವರೂ ಇದೇ ಪಟ್ಟವನ್ನು ಎತ್ತಿಕೊಂಡು ತಮ್ಮ ಮೊದಲ ಪುಟದಲ್ಲಿ ಇಡುತ್ತಾರೆ. ಅವನು ಒಬ್ಬನೇ ಒಬ್ಬ ಪೈಲ್ವಾನನ ಉಳುಕನ್ನಾದರೂ ನೋಡಿದ್ದಕ್ಕೆ ಆಧಾರವೇನು ಎಂದು ಕೇಳುವ ಗೋಜಿಗೆ ಹೋದವರು ವಿರಳ.

ಪ್ಲೇಟೋ ‘ರಿಪಬ್ಲಿಕ್’ನ ಮೂರನೆಯ ಭಾಗದಲ್ಲಿ ಹೇಳುವುದು ಸ್ಪಷ್ಟವಾಗಿದೆ. ಉಸ್ತಾದನಿಗೆ ಕಾಯಿಲೆ ಬಂತು. ವ್ಯಾಯಾಮವನ್ನೂ ವೈದ್ಯವನ್ನೂ ಕಲಸಿ ಮೊದಲು ತನ್ನನ್ನು, ಆಮೇಲೆ ಇತರರನ್ನು ಕಾಡಿದ; ಸಾವನ್ನು ಮುಂದೂಡುತ್ತಲೇ ಮುಪ್ಪು ತಲುಪಿದ. ಅರಿಸ್ಟಾಟಲ್ ‘ರೆಟರಿಕ್’ನಲ್ಲಿ ಇನ್ನೂ ಚುರುಕು: ಸುಖವೆಂಬುದನ್ನೆಲ್ಲ ಬಿಟ್ಟು ಪಡೆದ ಹೆರೋಡಿಕಸನ ಆರೋಗ್ಯವನ್ನು ಕಂಡು ಯಾರೂ ಅಸೂಯೆಪಡಲಾರರು. ಹಿಪೊಕ್ರೆಟಿಸನ ಹೆಸರಿನಲ್ಲಿರುವ ‘ಎಪಿಡೆಮಿಕ್ಸ್’ನ ಆರನೆಯ ಪುಸ್ತಕವಂತೂ ನೇರವಾಗಿ ಆರೋಪಿಸುತ್ತದೆ. ಜ್ವರ ಬಂದವರನ್ನು ಓಡಿಸಿ, ಕುಸ್ತಿಗಿಳಿಸಿ, ಕಾವು ಕೊಟ್ಟು ಅವನು ಕೊಂದನಂತೆ. ಮೂರು ಸಾಕ್ಷಿಗಳಲ್ಲಿಯೂ ರೋಗಿಯೇ ಇದ್ದಾನೆ, ಗಾಯಗೊಂಡ ಆಟಗಾರನಿಲ್ಲ. ಹೆರೋಡಿಕಸ್ ಕಾಯಿಲೆಗೆ ಕಸರತ್ತನ್ನು ಮದ್ದಾಗಿ ಕೊಟ್ಟವನು. ಕಸರತ್ತಿನಲ್ಲಿ ಪೆಟ್ಟು ತಿಂದವನಿಗೆ ಮದ್ದು ಕೊಟ್ಟವನಲ್ಲ.

ಇವರೆಲ್ಲ ಅವನ ವಿರೋಧಿಗಳು, ವಿರೋಧಿಗಳ ಮಾತನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಬರಬಹುದು. ನ್ಯಾಯವಾದ ಆಕ್ಷೇಪವೇ. ಆದರೆ 1893ರಲ್ಲಿ ಹರ್ಮನ್ ಡೀಲ್ಸ್ ಸಂಪಾದಿಸಿ ಪ್ರಕಟಿಸಿದ, ಲಂಡನ್ನಿನಲ್ಲಿರುವ ಅನಾಮಿಕ ವೈದ್ಯಕೀಯ ಪಪೈರಸ್ ಯಾರನ್ನೂ ಗೇಲಿ ಮಾಡುವುದಿಲ್ಲ. ಒಬ್ಬೊಬ್ಬರ ಸಿದ್ಧಾಂತವನ್ನು ತಣ್ಣಗೆ ವರದಿ ಮಾಡುತ್ತದೆ. ಅದರಲ್ಲಿಯೂ ಸೆಲಿಂಬ್ರಿಯಾದ ಹೆರೋಡಿಕಸನಿಗೆ ರೋಗದ ಮೂಲವೆಂದರೆ ಆಹಾರ-ವಿಹಾರದ ಏರುಪೇರು; ಶ್ರಮ ಅಳತೆಯಲ್ಲಿದ್ದು ಅನ್ನ ಜೀರ್ಣವಾದರೆ ದೇಹ ನೆಟ್ಟಗಿರುತ್ತದೆ. ಕೀಲಿನ ಮಾತೇ ಇಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಅಚ್ಚಿನಲ್ಲಿರುವ ಈ ಪಠ್ಯವನ್ನು ಪಟ್ಟಾಭಿಷೇಕದ ಪುರೋಹಿತರು ತೆರೆದಂತೆ ಕಾಣುವುದಿಲ್ಲ.

ಹಾಗಾದರೆ ಮಾಲೀಶಿನ ಚಿಕಿತ್ಸೆಯನ್ನು ಹೆರೋಡಿಕಸನೇ ಆರಂಭಿಸಿದನೆಂಬ ಕತೆ ಎಲ್ಲಿಂದ ಬಂತು? ಪ್ಲಿನಿಯಿಂದ. ‘ನ್ಯಾಚುರಲ್ ಹಿಸ್ಟರಿ’ಯ 29ನೆಯ ಪುಸ್ತಕದಲ್ಲಿ ಆತ ಎಣ್ಣೆ ತಿಕ್ಕುವ ಚಿಕಿತ್ಸಾಪಂಥದ ಸ್ಥಾಪನೆಯನ್ನು ಸೆಲಿಂಬ್ರಿಯಾದ ‘ಪ್ರೊಡಿಕಸ್’ನಿಗೆ ಕೊಟ್ಟು, ಅವನನ್ನು ಹಿಪೊಕ್ರೆಟಿಸನ ಶಿಷ್ಯ ಎನ್ನುತ್ತಾನೆ. ಹೆಸರೇ ಬೇರೆ, ಗುರು-ಶಿಷ್ಯ ಸಂಬಂಧವೂ ತಲೆಕೆಳಗು, ಏಕೆಂದರೆ ಹಿಪೊಕ್ರೆಟಿಸನ ಪ್ರಾಚೀನ ಜೀವನಚರಿತ್ರೆ ಹೆರೋಡಿಕಸನನ್ನು ಅವನ ಗುರುಗಳ ಸಾಲಿನಲ್ಲಿಡುತ್ತದೆ. ಘಟನೆಗಳಾಗಿ ಸುಮಾರು ಐನೂರು ವರ್ಷಗಳ ಮೇಲೆ, ಎಣ್ಣೆ ತಿಕ್ಕುವ ಆಳುಗಳಿಗೂ ಇದರಿಂದ ಗಳಿಕೆಯಾಯಿತೆಂದು ಕುಟುಕುವ ಭರದಲ್ಲಿ ಬರೆದ ಒಂದು ವಾಕ್ಯವಿದು. ಹೆಸರನ್ನು ತಿದ್ದಿಕೊಂಡು ಉಳಿದದ್ದನ್ನು ನಂಬುವ ವಿದ್ವಾಂಸರ ಧೈರ್ಯ ಮೆಚ್ಚಬೇಕಾದದ್ದೇ. (ಪ್ಲಿನಿಗೆ ಗ್ರೀಕ್ ವೈದ್ಯರೆಂದರೆ ಅಷ್ಟಕ್ಕಷ್ಟೇ ಎಂಬುದನ್ನೂ ನೆನಪಿಡಬೇಕು.)

ನಿಜವಾದ ಸಾಕ್ಷ್ಯ ಇರುವುದು ಬೇರೆ ಕಡೆ: ಹಿಪೊಕ್ರೆಟಿಸನ ಹೆಸರಿನ ಸಂಗ್ರಹದಲ್ಲಿರುವ ‘ಕೀಲುಗಳ ಕುರಿತು’ ಎಂಬ ಗ್ರಂಥದಲ್ಲಿ. ಬರೆದವನು ಹಿಪೊಕ್ರೆಟಿಸನೇ ಹೌದೋ ಅಲ್ಲವೋ ಎಂಬ ಜಗಳ ಇಲ್ಲಿ ಬೇಡ. ಬರೆದವನು ಗರಡಿಯನ್ನು ಬಲ್ಲವನಂತೂ ಹೌದು. ಜಾರಿದ ಭುಜವನ್ನು ಕೂರಿಸುವ ಪಟ್ಟುಗಳನ್ನು ಒಂದೊಂದಾಗಿ ವಿವರಿಸುತ್ತಾ ಹೋಗುವ ಅವನು, ವೈದ್ಯ ತನ್ನ ಹೆಗಲನ್ನು ಗಾಯಾಳುವಿನ ಕಂಕುಳಿಗೆ ಕೊಟ್ಟು ಅವನನ್ನು ತೂಗುಹಾಕಿಕೊಳ್ಳುವ ಕ್ರಮಕ್ಕೆ ಬರುತ್ತಾನೆ. ವೈದ್ಯನೇ ಎತ್ತರವಿರಬೇಕು, ಗಾಯಾಳು ತೀರ ಹಗುರವಾಗಿದ್ದರೆ ಹಿಂದಿನಿಂದ ಅವನಿಗೆ ಒಬ್ಬ ಸಣ್ಣ ಹುಡುಗನನ್ನು ಜೋತುಬೀಳಿಸಬೇಕು. ಇಂಥ ಪಟ್ಟುಗಳು ಗರಡಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಸಲಕರಣೆ ಹೊತ್ತು ತರಬೇಕಾಗಿಲ್ಲ ಎಂದು ಅವನೇ ಸೇರಿಸುತ್ತಾನೆ. ಕಣದ ಅಂಚಿನಲ್ಲಿ ನಿಂತು ನೋಡದವನಿಗೆ ಆ ಹುಡುಗನ ವಿವರ ಹೊಳೆಯುವುದಿಲ್ಲ.

ಕೂರಿಸಿದ ಮೇಲಿನ ಆರೈಕೆಯೂ ಅಲ್ಲಿದೆ. ಮೃದುವಾದ ಕೈಗಳಿಂದ, ಒತ್ತಾಯವಿಲ್ಲದೆ ತಿಕ್ಕಬೇಕು; ಕೀಲನ್ನು ನೋವಾಗದಷ್ಟೇ ಆಡಿಸಬೇಕು. ಸಡಿಲವಾದದ್ದನ್ನು ಬಿಗಿಯಾಗಿಸುವ, ಬಿಗಿದದ್ದನ್ನು ಸಡಿಲಿಸುವ ಎರಡೂ ಗುಣ ತಿಕ್ಕುವಿಕೆಗಿದೆ ಎನ್ನುತ್ತಾನೆ. ಭುಜದ ಗಾಯವನ್ನು ನೋಡುವ ಇಂದಿನ ಫಿಸಿಯೋಥೆರಪಿಸ್ಟ್ ಯಾರಾದರೂ ಈ ಸಾಲುಗಳನ್ನು ಓದಿದರೆ ತಮ್ಮ ಕಸುಬನ್ನು ಕೂಡಲೇ ಗುರುತಿಸಿಯಾರು.

ಆದರೂ ತೂಕದ ಸಾಕ್ಷಿ 11ನೆಯ ಅಧ್ಯಾಯ. ಪದೇಪದೇ ಜಾರುವ ಭುಜದ ಚಿಕಿತ್ಸೆ ಅಲ್ಲಿಯ ವಿಷಯ. ಅದನ್ನು ಏಕೆ ಕಲಿಯಬೇಕು ಎಂಬುದಕ್ಕೆ ಲೇಖಕ ಕೊಡುವ ಮೊದಲ ಕಾರಣ ಗಮನಾರ್ಹ. ಉಳಿದೆಲ್ಲದರಲ್ಲಿ ಸಮರ್ಥರಾಗಿದ್ದ ಅನೇಕರು ಈ ಒಂದು ತೊಂದರೆಯಿಂದ ಸ್ಪರ್ಧೆಗಿಳಿಯಲಾಗದೆ ಉಳಿದರು. ಯುದ್ಧದಲ್ಲಿ ಕೆಲಸಕ್ಕೆ ಬಾರದೆ ಹೋದವರ ಮಾತು ಆಮೇಲೆ. ಆಟಗಾರನನ್ನು ಮರಳಿ ಕಣಕ್ಕಿಳಿಸುವುದೇ ಇಲ್ಲಿ ಚಿಕಿತ್ಸೆಯ ಗುರಿ. ಹೆರೋಡಿಕಸನ ಕುರಿತ ಯಾವ ಸಾಕ್ಷಿಯಲ್ಲಿಯೂ ಈ ಗುರಿಯಿಲ್ಲ. ಚಿಕಿತ್ಸೆ ಮಾತ್ರ ಘೋರವಾದದ್ದು: ಕಾದ ತೆಳು ಕಬ್ಬಿಣದಿಂದ ಬರೆ. ಸಮಕಾಲೀನರು ಭುಜದ ಮೇಲೆ, ಮುಂದೆ, ಹಿಂದೆ ಬರೆ ಹಾಕುವುದನ್ನು ಕಂಡು ಲೇಖಕ ಸಿಡುಕುತ್ತಾನೆ. ತೋಳಿನ ಎಲುಬಿನ ತಲೆ ಬೀಳುವುದು ಕಂಕುಳ ಕಡೆಗೆ. ಹಾಗಿರುವಾಗ ಅತ್ತ ಹೊಕ್ಕು ಬೀಳುವ ಜಾಗವನ್ನೇ ಗಾಯದ ಕಲೆಯಿಂದ ಬಿಗಿಮಾಡಬೇಕಲ್ಲದೆ, ಎದುರು ಬದಿಯನ್ನು ಬಿಗಿದು ತಲೆಯನ್ನು ಅತ್ತಲೇ ತಳ್ಳುವುದೆಂಥ ವೈದ್ಯ? ಬರೆ ಮಾಯುವವರೆಗೆ, ಆಮೇಲೆಯೂ ಬಹುಕಾಲ, ತೋಳನ್ನು ಹಗಲಿರುಳು ಪಕ್ಕೆಗೆ ಕಟ್ಟಿಡಬೇಕು. 1923ರಲ್ಲಿ ಲಂಡನ್ನಿನ ಬ್ಯಾಂಕಾರ್ಟ್ ಇದೇ ತೊಂದರೆಗೆ ಶಸ್ತ್ರಚಿಕಿತ್ಸೆ ವಿವರಿಸಿದಾಗ ಅವನ ಗಮನವೂ ಎಲುಬಿನ ತಲೆ ಹೊರಬೀಳುವ ಮುಂಭಾಗದಲ್ಲಿ ಹರಿದ ಜಾಗದ ಮೇಲೆಯೇ ಇತ್ತು.

ಇನ್ನು ಗ್ಯಾಲೆನ್. ಪೆರ್ಗಮಮ್‌ನ ಗ್ಲಾಡಿಯೇಟರುಗಳ ವೈದ್ಯನಾಗಿದ್ದನೆಂದು ಅವನನ್ನು ಈ ವಂಶಾವಳಿಯ ಎರಡನೆಯ ಮೆಟ್ಟಿಲಲ್ಲಿ ಕೂರಿಸುವುದು ವಾಡಿಕೆ. ಅಲ್ಲಿ ಅವನು ಹೇಳಿಕೊಳ್ಳುವುದು ಬಹುಪಾಲು ಆಯುಧದ ಗಾಯಗಳ ಕತೆ, ದ್ರಾಕ್ಷಾರಸದಲ್ಲಿ ನೆನೆಸಿದ ಬಟ್ಟೆಯ ಕತೆ. ಅದು ಶಸ್ತ್ರವೈದ್ಯದ ಇತಿಹಾಸಕ್ಕೆ ಸೇರಬೇಕು. ನಮಗೆ ಬೇಕಾದ ಗ್ಯಾಲೆನ್ ಸಿಗುವುದು ‘ಕೀಲುಗಳ ಕುರಿತು’ ಗ್ರಂಥಕ್ಕೆ ಅವನು ಬರೆದ ವ್ಯಾಖ್ಯಾನದಲ್ಲಿ, ಅದೂ ಗಾಯಾಳುವಾಗಿ. 35ನೆಯ ವಯಸ್ಸಿನಲ್ಲಿ ಗರಡಿಯಲ್ಲಿ ಸಾಧನೆ ಮಾಡುವಾಗ ಅವನ ಕೊರಳೆಲುಬು ಹೆಗಲ ಮೂಳೆಯ ತುದಿಯಿಂದ ಬೇರ್ಪಟ್ಟಿತು. ಅಲ್ಲಿದ್ದ ಉಸ್ತಾದ ಭುಜವೇ ಜಾರಿದೆಯೆಂದು ಬಗೆದು ಎಳೆದು ಕೂರಿಸಲು ಹೊರಟ. ಏನಾಗಿದೆಯೆಂದು ಗ್ಯಾಲೆನ್‌ಗೇ ಹೊಳೆದ ಮೇಲೆ ಎಳೆದಾಟ ನಿಂತಿತು. ಬಿಗಿಯಾದ ಪಟ್ಟಿಯನ್ನು ಅವನು 40 ದಿನ ಸಹಿಸಿದ. ಗರಡಿಯಲ್ಲಿ ಪೆಟ್ಟಾದಾಗ ಮೊದಲು ಕೈಹಾಕುತ್ತಿದ್ದವನು ಉಸ್ತಾದ, ಅವನಿಗೆ ಒಂದು ಪಟ್ಟು ಗೊತ್ತಿತ್ತು, ಎರಡು ಗಾಯಗಳ ವ್ಯತ್ಯಾಸ ಗೊತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಬೇಕಿಲ್ಲ. ಹೆರೋಡಿಕಸನಿಗೆ ಪುಟಗಳನ್ನು ಮೀಸಲಿಡುವ ಪಠ್ಯಪುಸ್ತಕಗಳಲ್ಲಿ ಈ ವ್ಯಾಖ್ಯಾನಕ್ಕೆ ಸಿಗುವ ಜಾಗ, ಸಿಕ್ಕರೆ, ಒಂದು ಅಡಿಟಿಪ್ಪಣಿ.